ಮಗನೊಡನೆ ವಸಂತ ವಿಹಾರ

ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನವಾಗಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಕೊಡಿಸಿದಾಗ, ಕನ್ನಡ ಪಂಡಿತನಾದವನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆದಾನೆಂದೇ ಅವರು ಎಣಿಸಿರಬೇಕು. ಆ ವಿಷಯಗಳನ್ನು ಕುರಿತು ತರಗತಿಯಲ್ಲಿ ಸಾಕಷ್ಟು ಹೇಳಿದ್ದೇನೆ. ಇಲ್ಲಿ ನಾನು ಹೇಳಹೊರಟಿರುವುದು ನುಡಿಗೆ ಸಂಬಂಧಿಸಿದ್ದೇ ಆದರೂ ಯಾವ ಲಕ್ಷಣಗ್ರಂಥದಲ್ಲಿಯೂ ನಾನು ಓದದೆ ಇದ್ದ ಸಂಗತಿ. ಅದನ್ನು ನನಗೆ ಕಲಿಸಿದವನು ಏಳು ವರ್ಷದ ಬಾಲಕ, ನನ್ನ ಮಗ. ಕಲಿತ ಕಾಲ 2006ನೆಯ ಇಸವಿಯ ವಸಂತ ಋತು. ಕಲಿತ ಸ್ಥಳ ಬೆಂಗಳೂರಿನ ದಕ್ಷಿಣ ಭಾಗದ ಪದ್ಮನಾಭನಗರ ಮತ್ತು ಅದರ ಸುತ್ತಣ ಬೀದಿಗಳು.

ಮಗನಿಗೆ ಆಗ ಉಗ್ಗು ಇತ್ತು. ಉಗ್ಗು ಬೇರೆ, ತೊದಲು ಬೇರೆ. ಎಳೆಯ ನಾಲಗೆ ಇನ್ನೂ ಪಳಗದಿರುವಾಗ ಹೊರಡುವ ಮುದ್ದು ಮಾತು ತೊದಲು. ಅದನ್ನು ಕೇಳಿ ಎಲ್ಲರೂ ನಗುತ್ತಾರೆ, ಮಗುವೂ ನಗುತ್ತದೆ. ಉಗ್ಗು ಹಾಗಲ್ಲ. ಹೇಳಬೇಕಾದ ಮಾತು ಮಗುವಿನ ಮನಸ್ಸಿನಲ್ಲಿ ಪೂರ್ತಿಯಾಗಿ ಸಿದ್ಧವಾಗಿರುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ನನ್ನ ಮಗನಿಗೆ ಕ, ಪ, ಬ ಎಂಬ ಅಕ್ಷರಗಳು ಮೊದಲಿಗೆ ಬಂದರೆ ಕಷ್ಟ. ಕಣ್ಣು ಮುಚ್ಚಿಕೊಂಡು, ಗದ್ದವನ್ನು ಬಿಗಿಹಿಡಿದು ಅವನು ಪಡುವ ಪಾಡನ್ನು ನೋಡಲಾರದೆ ನನ್ನ ಗೃಹಿಣಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವನು ಓದುತ್ತಿದ್ದ ಶಾಲೆಯಿಂದ, ಹುಡುಗ ತರಗತಿಯಲ್ಲಿ ಬಾಯಿಬಿಟ್ಟು ಓದುತ್ತಿಲ್ಲ, ಹೀಗೆಯೇ ಆದರೆ ಎರಡನೆಯ ತರಗತಿಯಲ್ಲೇ ಇನ್ನೊಂದು ವರ್ಷ ಇರಿಸಬೇಕಾದೀತು ಎಂದು ಚೀಟಿ ಬಂದಿತು. ನುಡಿಯನ್ನು ಮುತ್ತಿಗೂ ಮಾಣಿಕ್ಯಕ್ಕೂ ಹೋಲಿಸಿದ ಬಸವಣ್ಣನವರ ವಚನವನ್ನು ಹೇಳಲು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ, ಮೊದಲ ಪದದಲ್ಲಿಯೇ ನಿಂತುಹೋದುದಕ್ಕೆ ಹುಡುಗರೆಲ್ಲ ನಕ್ಕಿದ್ದರಂತೆ. ಆ ದಿನದಿಂದ ಅವನು ಮನೆಯಲ್ಲಿಯೂ ಮಾತು ಕಡಮೆ ಮಾಡಿದನು. ಮಾತನ್ನೇ ಜೀವನೋಪಾಯ ಮಾಡಿಕೊಂಡ ನನ್ನ ಮನೆಯಲ್ಲಿ ಮೌನ ಬಂದು ಕುಳಿತಿತು.

ಹಿರಿಯರು ಬಜೆಯನ್ನು ತೇಯ್ದು ನಾಲಗೆಗೆ ಹಚ್ಚಿರೆಂದರು. ನೆರೆಯವರು ಗದರಿಸಿದರೆ ಸರಿಹೋಗುತ್ತದೆಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಷ್ಟೆ. ಮಾರ್ಚ್ ತಿಂಗಳಿನಲ್ಲಿ ಅಲ್ಲಿಗೆ ಅವನನ್ನು ಕರೆದುಕೊಂಡು ಹೋದೆವು. ಅಲ್ಲಿನ ತಜ್ಞೆಯೊಬ್ಬರು ಹೇಳಿದ ಮಾತುಗಳು ಸರಳವಾಗಿದ್ದುವು. ಉಗ್ಗು ಬುದ್ಧಿಮಾಂದ್ಯದ ಗುರುತಲ್ಲ; ತಂದೆತಾಯಿಗಳು ಬೆಳೆಸಿದ ರೀತಿಯಿಂದ ಬಂದುದೂ ಅಲ್ಲ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು; ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಬಿಟ್ಟುಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಹೇಳಿಕೊಟ್ಟು, ಕೊನೆಗೆ ಅವರು ಹೀಗೆಂದರು: “ಅವನ ಮಾತನ್ನು ನೀವು ಪೂರ್ತಿ ಮಾಡಬೇಡಿ. ಕಾಯಿರಿ. ದಿನಕ್ಕೆ ಸ್ವಲ್ಪ ಹೊತ್ತಾದರೂ ಯಾವ ಅವಸರವೂ ಇಲ್ಲದೆ ಅವನೊಬ್ಬನ ಜೊತೆಯಲ್ಲಿರಿ.”

ಅವಸರವಿಲ್ಲದೆ ಇರುವುದೆಂದರೆ ನಡೆಯುವುದೇ ಸರಿಯೆಂದು ನಿಶ್ಚಯಿಸಿದೆನು. ಮಾರ್ಚ್ 30ರಂದು ಯುಗಾದಿ. ವ್ಯಯನಾಮ ಸಂವತ್ಸರದ ಆರಂಭ. ಪಂಚಾಂಗ ಶ್ರವಣ ಮಾಡಿದವರು ಹೆಸರೇ ಖರ್ಚಿನದೆಂದು ಹಾಸ್ಯ ಮಾಡಿದರು. ಆ ವರ್ಷ ನನ್ನಿಂದ ವ್ಯಯವಾದುದು ಮುಖ್ಯವಾಗಿ ಚಪ್ಪಲಿಯ ಅಟ್ಟೆ. ಮರುದಿನದಿಂದಲೇ ಬೆಳಿಗ್ಗೆ ಆರು ಗಂಟೆಗೆ ನಾನೂ ಮಗನೂ ಮನೆಯಿಂದ ಹೊರಡತೊಡಗಿದೆವು. ಏಪ್ರಿಲ್ ಹತ್ತರ ವೇಳೆಗೆ ಶಾಲೆಗೆ ರಜೆ ಬಂದ ಮೇಲೆ ನಮಗೆ ದಿನವೆಲ್ಲ ಸ್ವಂತದ್ದಾಯಿತು.

ಪದ್ಮನಾಭನಗರ ಎಂಬ ಹೆಸರಿನಲ್ಲಿಯೇ ಪಾಠ ಮೊದಲಾಯಿತು. ಪದ್ಮವು ನಾಭಿಯಲ್ಲಿ ಉಳ್ಳವನು ಪದ್ಮನಾಭ, ಬಹುವ್ರೀಹಿ ಸಮಾಸ. ಮಗನಿಗೆ ಸಮಾಸ ಬೇಕಾಗಿರಲಿಲ್ಲ. ಹೊಕ್ಕುಳಿನಲ್ಲಿ ಹೂ ಅರಳಿದರೆ ಕಚಗುಳಿಯಾಗುವುದಿಲ್ಲವೇ ಎಂಬುದು ಅವನ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಿ ಮುಗಿಸಲು ಅವನಿಗೆ ಒಂದು ಬೀದಿಯ ಉದ್ದ ಬೇಕಾಯಿತು. ಕಾಯುವುದು ಮೊದಲ ದಿನಗಳಲ್ಲಿ ಸುಲಭವಾಗಿರಲಿಲ್ಲ. ಆದರೆ ನಡೆಯುತ್ತಿರುವಾಗ ಕಣ್ಣಿಗೆ ಬೇರೆ ಕೆಲಸವಿರುತ್ತದೆ. ಹೊಂಗೆಯ ಮರಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ ಮಿರುಗುವ ಹೊಸ ಹಸುರನ್ನು ಉಟ್ಟಿದ್ದುವು. ಬೇವಿನ ಹೂವಿನ ನಯವಾದ ಕಂಪು ಅಂಗಳಗಳಿಂದ ಬರುತ್ತಿತ್ತು. ಜಕರಂಡದ ನೇರಿಳೆಯ ಹೂಗಳು ಕಾರುಗಳ ಮೇಲೆ ಉದುರಿದ್ದುವು. ಮಾತು ಸಿಕ್ಕಿಹಾಕಿಕೊಂಡಾಗ ಇಬ್ಬರೂ ಮರವನ್ನು ನೋಡುತ್ತ ಮುಂದೆ ನಡೆದರಾಯಿತು. ಮಾತು ತಾನಾಗಿಯೇ ಹಿಂದಿನಿಂದ ಬಂದು ಕೂಡಿಕೊಳ್ಳುತ್ತಿತ್ತು.

ಒಂದು ದಿನ ಅವನು ಬಸ್ಸುಗಳ ಫಲಕಗಳನ್ನು ಓದುತ್ತ, ಕರಿಸಂದ್ರ, ಚಿಕ್ಕಲ್ಲಸಂದ್ರ, ದೊಡ್ಡಕಲ್ಲಸಂದ್ರ ಎಂದು ಇಷ್ಟು ಸಂದ್ರಗಳೇಕೆಂದು ಕೇಳಿದನು. ಸಂದ್ರವೆಂದರೆ ಸಮುದ್ರ ಎಂದೆನು. ದೊಡ್ಡ ಕೆರೆಯನ್ನು ಕಟ್ಟಿಸಿದವರು ಅದನ್ನು ಸಮುದ್ರವೆಂದು ಹೆಮ್ಮೆಯಿಂದ ಕರೆಯುತ್ತಿದ್ದರು. ಜನರ ನಾಲಗೆಯಲ್ಲಿ ಸವೆದು ಅದು ಸಂದ್ರವಾಯಿತು. ಹಾಗಾದರೆ ಸಮುದ್ರ ತೋರಿಸಿ ಎಂದು ಹಟ ಹಿಡಿದನು. ಅಂದಿನಿಂದ ಒಂದು ವಾರ ನಾವು ಸಮುದ್ರಾನ್ವೇಷಣೆ ಮಾಡಿದೆವು. ಹೊಸಕೆರೆಹಳ್ಳಿಯ ಹೆಸರಿನಲ್ಲಿ ಕೆರೆ ಉಂಟು. ಇಟ್ಟಮಡುವಿನಲ್ಲಿ ಮಡು ಉಂಟು, ಮಡುವೆಂದರೆ ಆಳವಾದ ನೀರು. ಹೆಸರುಗಳಲ್ಲೆಲ್ಲ ನೀರು ತುಂಬಿ ತುಳುಕುತ್ತಿದ್ದರೂ ನಾವು ನಡೆದ ನೆಲದಲ್ಲಿ ಎದುರಾದುದು ಹೆಚ್ಚಾಗಿ ಮನೆಗಳು. ಕೊನೆಗೆ ಯಡಿಯೂರು ಕೆರೆಯ ಬಳಿಗೆ ಬಂದು ನಿಂತಾಗ ಅಲ್ಲಿ ನೀರನ್ನು ಕಂಡೆವು. “ಇದು ಸಮುದ್ರದ ಮರಿ” ಎಂದು ಅವನು ತೀರ್ಪು ಕೊಟ್ಟನು. ಸವೆದ ಪದವೂ ಪದವೇ ಎಂಬುದು ಅವನಿಗೆ ಬಹಳ ಹಿಡಿಸಿತು. ಸಮುದ್ರ ಎನ್ನಲಾರದೆ ಸಂದ್ರ ಎಂದವರನ್ನು ಯಾರೂ ನಗಲಿಲ್ಲವೇ ಎಂದು ಕೇಳಿದನು. ಊರಿಗೆ ಊರೇ ಹಾಗೆ ಅಂದುದರಿಂದ ನಗುವವರು ಯಾರೂ ಉಳಿದಿರಲಿಲ್ಲವೆಂದು ಉತ್ತರ ಕೊಟ್ಟೆನು.

ಕೋಗಿಲೆಯ ವಿಚಾರದಲ್ಲಿ ಪಂಡಿತನ ಗರ್ವ ಸ್ವಲ್ಪ ಮುಂದೆ ಬಂದಿತು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು, ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವುದೇ ಭಾಗ್ಯವೆಂದು ಭಾವಿಸಿದ ವಿಷಯವನ್ನು ಮಗನಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಬೀದಿಯ ಮಾವಿನ ಮರದಲ್ಲಿ ಕಾಗೆಗಳೆರಡು ಕೋಗಿಲೆಯೊಂದನ್ನು ಅಟ್ಟಿಸಿಕೊಂಡು ಹೋದುವು. ಏಕೆಂದು ಮಗ ಕೇಳಿದನು. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಾಗೆಯೇ ಮರಿಗೆ ಉಣಿಸುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಪರಭೃತವೆಂದು ಹೆಸರು, ಪರರಿಂದ ಪೋಷಿತವಾದದ್ದು ಎಂದರ್ಥ. ಆದಕಾರಣ ಆ ಹೆಸರಿಟ್ಟ ಹಿಂದಿನವರಿಗೂ ಇದು ತಿಳಿದಿತ್ತು. ಹಾಡುವುದು ಕಪ್ಪಗಿರುವ ಗಂಡು. ಚುಕ್ಕೆ ಚುಕ್ಕೆಯಾಗಿರುವುದು ಹೆಣ್ಣು. ಮಗ ಬಹಳ ಹೊತ್ತು ಯೋಚಿಸಿ, “ಕಾಗೆ ಪಾಪ ಅಪ್ಪಾ, ಅದಕ್ಕೂ ಒಂದು ಪದ್ಯ ಬರೀಬೇಕಿತ್ತು” ಎಂದನು. ಪದ್ಯ ಎಂಬಲ್ಲಿ ಪ ಮೂರು ಸಲ ಬಂದಿತು. ನಾನು ಕಾದೆನು, ಅವನು ಕಣ್ಣು ಮುಚ್ಚಲಿಲ್ಲ.

ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಅವರು ತೀರಿಕೊಂಡರು. ಮರುದಿನ ನಗರದಲ್ಲಿ ಗಲಭೆ. ಅಂಗಡಿಗಳು ಮುಚ್ಚಿದ್ದುವು, ಬಸ್ಸುಗಳು ಓಡಲಿಲ್ಲ. ನಮ್ಮ ವಿಹಾರ ಮನೆಯ ಮಹಡಿಗೆ ಸೀಮಿತವಾಯಿತು. ಎಲ್ಲ ಮನೆಗಳಿಂದಲೂ ಅವರ ಹಾಡುಗಳು ಕೇಳಿಬರುತ್ತಿದ್ದುವು. ‘ಜೀವನ ಚೈತ್ರ’ ಚಿತ್ರದ ಗಾಯನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತೆಂಬುದನ್ನು ನನ್ನ ಗೃಹಿಣಿ ನೆನಪಿಸಿದಳು. ಚೈತ್ರಮಾಸದಲ್ಲಿಯೇ ಆ ಕಂಠ ನಿಂತಿತು. ಆಗ ಮಗ ಮಹಡಿಯ ಕಟ್ಟೆಗೆ ಒರಗಿ, ರೇಡಿಯೋದೊಡನೆ ಅವರ ಭಕ್ತಿಗೀತೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದನು. ಕ ಇದ್ದಿತು, ಪ ಇದ್ದಿತು, ಬ ಇದ್ದಿತು, ಎಲ್ಲಿಯೂ ತಡೆಯಿರಲಿಲ್ಲ. ಅಡುಗೆಮನೆಯಿಂದ ಅವನ ತಾಯಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

ಇದು ಪವಾಡವಲ್ಲವೆಂದು ಅನಂತರ ತಿಳಿದೆನು. ಉಗ್ಗುವವರಲ್ಲಿ ಬಹುಮಂದಿ ಹಾಡುವಾಗ ಉಗ್ಗುವುದಿಲ್ಲ. ನಾಲ್ವರೊಡನೆ ಏಕಕಂಠದಿಂದ ಹೇಳುವಾಗಲೂ ಉಗ್ಗು ಬಹಳ ಮಟ್ಟಿಗೆ ಅಡಗುತ್ತದೆ. ಲಯವು ಮುಂದೆ ನಡೆದರೆ ಮಾತು ಅದರ ಕೈಹಿಡಿದು ಬರುತ್ತದೆ. ಇದನ್ನು ಕಂಡಮೇಲೆ ನನ್ನ ವಿದ್ಯೆಗೆ ಒಂದು ಹೊಸ ಕೆಲಸ ದೊರೆಯಿತು. ಚಾಮರಸನ ‘ಪ್ರಭುಲಿಂಗಲೀಲೆ’ ಭಾಮಿನೀ ಷಟ್ಪದಿಯಲ್ಲಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಎಂಬುದು ಅದರ ನಡೆ. ನಡೆ ಎಂಬ ಪಾರಿಭಾಷಿಕ ಪದದ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಆ ಬೀದಿಗಳಲ್ಲಿ. ಹೆಜ್ಜೆಗೆ ಸರಿಯಾಗಿ ಗಮಕದ ಧಾಟಿಯಲ್ಲಿ ನಾನು ಪದ್ಯವನ್ನು ಹೇಳುವುದು, ಮಗ ಜೊತೆಗೂಡುವುದು. ಹಾಲು ತರಲು ಹೋಗುತ್ತಿದ್ದವರು ತಿರುಗಿ ನೋಡುತ್ತಿದ್ದರು. ನಾವಿಬ್ಬರೂ ಅಲ್ಲಮನನ್ನೂ ಮಾಯೆಯನ್ನೂ ಕದಿರೇನಹಳ್ಳಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದೆವು.

ಆ ಗುರುವಾರದ ರಾತ್ರಿಯೇ ದವನದ ಹುಣ್ಣಿಮೆ, ಅಕ್ಕಮಹಾದೇವಿಯ ಜಯಂತಿ. ಬೆಳುದಿಂಗಳಿನ ಮಹಡಿಯಲ್ಲಿ ಕುಳಿತು, ಅಕ್ಕನು ಕಾಡಿನ ಹಕ್ಕಿಗಳನ್ನೂ ದುಂಬಿಗಳನ್ನೂ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿಕೊಂಡು ಅಲೆದುದನ್ನು ಹೇಳಿದೆನು. ಹಕ್ಕಿಗಳು ಉತ್ತರ ಕೊಟ್ಟವೇ ಎಂದು ಮಗ ವಿಚಾರಿಸಿದನು. ಉತ್ತರ ಬಂದಿತೋ ಇಲ್ಲವೋ, ಅಕ್ಕ ಕೇಳುವುದನ್ನು ಬಿಡಲಿಲ್ಲವೆಂದೆನು. ಅಷ್ಟೇ ಸಾಕಾಯಿತು, ಮಲಗಿದನು.

ಇನ್ನು ಕೆಲವು ಸಾಹಸಗಳನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಅಶ್ವಿನಿ ಮಳೆಯ ದಿನಗಳಲ್ಲಿ ಒಮ್ಮೆ ಉತ್ತರಹಳ್ಳಿಯನ್ನು ದಾಟಿ ವಸಂತಪುರದ ಗುಡ್ಡದ ವಲ್ಲಭರಾಯಸ್ವಾಮಿಯ ಗುಡಿಯ ಕಡೆಗೆ ಹೋದೆವು. ವಸಂತದಲ್ಲಿ ವಸಂತಪುರವನ್ನು ನೋಡಬೇಕೆಂಬುದು ಮಗನ ಆಸೆ. ಸಂಜೆ ಆಕಾಶ ಕಪ್ಪಾಗಿ ಆಲಿಕಲ್ಲು ಬಿದ್ದಿತು. ಗುಡಿಯ ಆಶ್ರಯದಲ್ಲಿ ನಿಂತು ಮಗ ಆಲಿಕಲ್ಲನ್ನು ಆಯ್ದು ನನ್ನ ಜೇಬಿಗೆ ತುಂಬಿದನು. ಅಮ್ಮನಿಗೆ ತೋರಿಸಲು ಮನೆ ಸೇರಿದಾಗ ಜೇಬಿನಲ್ಲಿದ್ದುದು ನೀರು, ಮತ್ತು ತೊಯ್ದು ಮುದ್ದೆಯಾದ ಸಂಬಳದ ಚೀಟಿ.

ಬೇಗೂರಿಗೆ ಹೋದ ದಿನವನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು 890ರ ಕಾಲದ ವೀರಗಲ್ಲಿನ ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿಸುವುದಕ್ಕೆ ಆರು ನೂರು ವರ್ಷಗಳಿಗೂ ಹಿಂದೆಯೇ ಈ ಹೆಸರು ಕಲ್ಲಿನ ಮೇಲಿದ್ದಿತು. ಮಗನಿಗೆ ಅದನ್ನು ಓದಿ ತೋರಿಸಬೇಕೆಂದು ನಾನು ಕಲ್ಲಿನ ಮುಂದೆ ಕುಳಿತೆನು. ಹಳಗನ್ನಡ ಲಿಪಿ, ಸವೆದ ಅಕ್ಷರ. ಒಂದು ಅಕ್ಷರವನ್ನು ಹೇಳಿ, ನಿಲ್ಲಿಸಿ, ಮತ್ತೆ ಅದನ್ನೇ ಹೇಳಿ, ಮುಂದಿನದಕ್ಕೆ ತಡಕಾಡುತ್ತ, ಹಿಂದಕ್ಕೆ ಬಂದು ಇನ್ನೊಮ್ಮೆ ಆರಂಭಿಸುತ್ತಿದ್ದೆನು. ಮಗ ನನ್ನ ಬಾಯನ್ನೇ ನೋಡುತ್ತಿದ್ದನು. ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಅಪ್ಪಾ, ನೀವೂ ಉಗ್ಗುತ್ತೀರಿ. ಅವಸರ ಇಲ್ಲ, ನಿಧಾನವಾಗಿ ಹೇಳಿ, ನಾನು ಕಾಯ್ತೀನಿ” ಎಂದನು. ವಿದ್ವತ್ ಪರೀಕ್ಷೆಯಲ್ಲಿ ನನ್ನನ್ನು ಕುಳ್ಳಿರಿಸಿ ಪ್ರಶ್ನೆ ಕೇಳಿದ ಗುರುಗಳ ಮುಂದೆ ನನಗೆ ಅಷ್ಟು ಧೈರ್ಯ ಹೇಳಿದವರಿರಲಿಲ್ಲ.

ಅದಾದ ಎರಡು ದಿನಕ್ಕೆ, ತಳ್ಳುಗಾಡಿಯಲ್ಲಿ ಗಿಣಿಮೂತಿ ಮಾವಿನಕಾಯಿಯನ್ನು ಹೋಳು ಮಾಡಿ ಉಪ್ಪುಕಾರ ಹಚ್ಚಿ ಮಾರುತ್ತಿದ್ದ ಮುದುಕಿಯ ಬಳಿಗೆ ಮಗ ತಾನೊಬ್ಬನೇ ಹೋಗುತ್ತೇನೆಂದನು. ಅಪರಿಚಿತರೊಡನೆ ಅವನು ಮಾತನಾಡಿ ಎಷ್ಟೋ ತಿಂಗಳಾಗಿತ್ತು. ನಾನು ದೂರದಲ್ಲಿ ನಿಂತೆನು. ಕಾರ ಬೇಡ, ಉಪ್ಪು ಮಾತ್ರ ಸಾಕೆಂದು ಅವನು ಹೇಳಬೇಕಾಗಿತ್ತು. ಕಾ ಎಂಬಲ್ಲಿಯೇ ಮಾತು ನಿಂತಿತು. ಹಿಂದಿದ್ದ ಗಿರಾಕಿಯೊಬ್ಬರು ಬೇಗ ಎಂದರು. ಮುದುಕಿ ಕತ್ತಿಯನ್ನು ಕೆಳಗಿಟ್ಟು, “ನಿಧಾನಕ್ ಹೇಳು ಕಂದ, ನಂಗೇನು ಅವಸ್ರ ಇಲ್ಲ. ಕಾಯೇನು ಓಡೋಗಲ್ಲ” ಎಂದಳು. ಮೈಸೂರಿನ ತಜ್ಞೆಯೂ, ಬೇಗೂರಿನ ಕಲ್ಲಿನ ಮುಂದೆ ನನ್ನ ಮಗನೂ, ಪದ್ಮನಾಭನಗರದ ತಳ್ಳುಗಾಡಿಯ ತಾಯಿಯೂ ಹೇಳಿದ ಮಾತು ಒಂದೇ. ಅವನು ಹೇಳಿ ಮುಗಿಸಿದನು. ಆದರೂ ಅವಳು ಅಭ್ಯಾಸಬಲದಿಂದ ಕಾರ ಹಚ್ಚಿಯೇ ಕೊಟ್ಟಳು. ಅವನು ಕಣ್ಣೀರು ಸುರಿಸುತ್ತ, ನಗುತ್ತ ತಿಂದನು.

ಆ ವರ್ಷ ಅಕ್ಷಯ ತೃತೀಯೆ, ಬಸವ ಜಯಂತಿ, ಏಪ್ರಿಲ್ 30ರ ಭಾನುವಾರ. ಬಸವನಗುಡಿಗೆ ಹೋದೆವು. ಏಕಶಿಲೆಯ ಆ ಮಹಾನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಡಲೆಕಾಯಿ ಹೊಲವನ್ನು ಮೇದ ಬಸವ ಕಲ್ಲಾಗಿಯೂ ಬೆಳೆಯುತ್ತಿತ್ತೆಂದೂ, ನೆತ್ತಿಯಲ್ಲಿ ತ್ರಿಶೂಲವನ್ನು ನೆಟ್ಟಮೇಲೆ ನಿಂತಿತೆಂದೂ ಜನಪದ ಕಥೆಯುಂಟು. ವೃಷಭ ಎಂಬುದರ ತದ್ಭವವೇ ಬಸವ ಎಂದು ನಾನು ಹೇಳಿದಾಗ, ಇದೂ ಸಂದ್ರದ ಹಾಗೆ ಸವೆದ ಮಾತೋ ಎಂದು ಮಗ ಕೇಳಿದನು. ಹೌದು; ಸವೆದ ಆ ಹೆಸರನ್ನೇ ಹೊತ್ತ ಮಹಾನುಭಾವರು ಹನ್ನೆರಡನೆಯ ಶತಮಾನದಲ್ಲಿ ದೇವರೊಡನೆ ಮಾತನಾಡಲು ಜನರ ನುಡಿಯೇ ಸಾಕೆಂದು ತೋರಿಸಿಕೊಟ್ಟರು ಎಂದೆನು.

ಹಿಂದಿರುಗುವಾಗ ಬಸ್ಸಿನಲ್ಲಿ ಒಂದು ಘಟನೆ. ಬಸ್ಸಿನಲ್ಲಿ ಚೀಟಿ ಕೊಳ್ಳುವ ಕೆಲಸ ಮಗನದೇ ಆಗಿದ್ದಿತು. ಆದರೆ ಪದ್ಮನಾಭನಗರ ಎಂಬ ಹೆಸರು ಪಕಾರದಿಂದ ಆರಂಭವಾಗುವುದರಿಂದ ಅವನು ಯಾವಾಗಲೂ ‘ಯಡಿಯೂರು’ ಎಂದೋ ‘ದೇವೇಗೌಡ ಪೆಟ್ರೋಲ್ ಬಂಕ್’ ಎಂದೋ ಕೇಳುತ್ತಿದ್ದನು. ಹಾಗಾಗಿ ನಾವು ಎಷ್ಟೋ ಸಲ ಮೊದಲೇ ಇಳಿದು ಮನೆಯವರೆಗೆ ನಡೆದದ್ದುಂಟು. ಕಠಿಣವಾದ ಪದವನ್ನು ಬಿಟ್ಟು ಸುಲಭವಾದುದನ್ನು ಹುಡುಕುವುದು ಉಗ್ಗುವವರ ಉಪಾಯ. ಅವರ ಶಬ್ದಸಂಪತ್ತು ಅದರಿಂದಲೇ ಬೆಳೆಯುವುದೂ ಉಂಟು. ಅಂದು ನಿರ್ವಾಹಕರು ಎಲ್ಲಿಗೆಂದು ಕೇಳಿದಾಗ ಅವನು ನನ್ನ ಮುಖವನ್ನು ನೋಡಿದನು. ಮತ್ತೆ ಅವರ ಮುಖವನ್ನು ನೋಡಿದನು. ಪ ಎಂದನು. ನಿಂತನು. ಪುನಃ ಪ ಎಂದನು. ಬಸ್ಸು ಒಂದು ನಿಲ್ದಾಣವನ್ನು ದಾಟಿತು. ನಿರ್ವಾಹಕರು ಚೀಟಿಯ ಕಟ್ಟನ್ನು ಹಿಡಿದು, ಕಂಬಿಗೆ ಒರಗಿಕೊಂಡು ನಿಂತೇ ಇದ್ದರು. “ಪದ್ಮನಾಭನಗರ, ಒಂದು ಫುಲ್ಲು ಒಂದು ಹಾಫು” ಎಂದನು ಮಗ. ಅವರು ಚೀಟಿ ಹರಿದು ಕೊಟ್ಟು, ಏನೂ ನಡೆಯಲಿಲ್ಲವೆಂಬಂತೆ ಮುಂದಕ್ಕೆ ಹೋದರು. ಏನೂ ನಡೆಯಲಿಲ್ಲವೆಂಬಂತೆ ಹೋದುದೇ ಅವರು ಮಾಡಿದ ಉಪಕಾರ. ಮೊದಲ ಬಾರಿಗೆ ನಾವು ನಮ್ಮ ಊರಿನ ಹೆಸರು ಹೇಳಿ ನಮ್ಮ ನಿಲ್ದಾಣದಲ್ಲಿಯೇ ಇಳಿದೆವು.

ಜೂನ್‌ನಲ್ಲಿ ಹಳೆಯ ಶಾಲೆಯವರು ಅವನನ್ನು ಮುಂದಿನ ತರಗತಿಗೆ ಸೇರಿಸಿಕೊಂಡರು. 2008ರಲ್ಲಿ ಐದನೆಯ ತರಗತಿಗೆ ಅವನು ಶ್ರೀಮಠದ ನಮ್ಮ ಈ ಶಾಲೆಗೆ ಬಂದನು. ಇಲ್ಲಿ ಬೆಳಿಗ್ಗೆ ನೂರಾರು ಮಕ್ಕಳು ಸಾಮೂಹಿಕ ಪ್ರಾರ್ಥನೆಯಲ್ಲಿ ಒಂದೇ ಕಂಠದಿಂದ ವಚನಗಳನ್ನು ಹೇಳುವರಷ್ಟೆ. ಆ ಪ್ರವಾಹದಲ್ಲಿ ಅವನ ಮಾತೂ ತಡೆಯಿಲ್ಲದೆ ಹರಿಯಿತು. ಮುತ್ತು ಮಾಣಿಕ್ಯದ ಆ ವಚನವನ್ನು, ಒಂದು ಕಾಲಕ್ಕೆ ಎಲ್ಲರ ನಗೆಗೆ ಗುರಿಯಾದ ಅದನ್ನೇ, ಅವನು ಈ ಅಂಗಳದಲ್ಲಿ ದಿನವೂ ಹೇಳಿದನು. ಹಾರವು ಎಷ್ಟು ಸುಂದರವಾದರೂ ಅದರ ಮುತ್ತುಗಳನ್ನು ಪೋಣಿಸುವುದು ಒಂದೊಂದಾಗಿಯೇ ಅಲ್ಲವೇ? ನಮ್ಮ ಹಿರಿಯರು ಪ್ರಾರ್ಥನೆಯನ್ನು ಇರಿಸಿದ್ದು ಭಕ್ತಿಗಾಗಿ. ಬಾಯಿ ಬಾರದ ಮಗುವಿಗೆ ಅದು ಮಾತಿನ ಊರುಗೋಲೂ ಆಗುತ್ತದೆಂಬುದಕ್ಕೆ ನಾನು ಸಾಕ್ಷಿ.

ಮಗ ಈಗ ಉದ್ಯೋಗಸ್ಥ. ಉಗ್ಗು ಪೂರ್ತಿಯಾಗಿ ಹೋಗಿಲ್ಲ. ದೂರವಾಣಿಯಲ್ಲಿ ತನ್ನ ಹೆಸರನ್ನು ಹೇಳುವಾಗ ಇಂದಿಗೂ ಒಂದು ಕ್ಷಣ ನಿಲ್ಲುತ್ತಾನೆ. ಆದರೆ ಹೆಸರನ್ನು ಬದಲಾಯಿಸಿ ಹೇಳುವುದಿಲ್ಲ. ಬನಶಂಕರಿಯ ಕಡೆಗೆ 2017ರಿಂದ ಮೆಟ್ರೋ ರೈಲು ಬಂದಿದೆ. ಒಂಟಿ ಮನೆಗಳಿದ್ದ ಕಡೆ ಮಹಡಿಗಳು ಎದ್ದಿವೆ. ಹೊಂಗೆಯ ಮರಗಳು ಕೆಲವು ಉಳಿದಿವೆ, ಚೈತ್ರದಲ್ಲಿ ಚಿಗುರುತ್ತವೆ.

ಇಷ್ಟನ್ನು ಬರೆದದ್ದು ಮನೆಯ ಕಥೆಯನ್ನು ಹೇಳಿಕೊಳ್ಳುವ ಚಪಲದಿಂದಲ್ಲ. ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹವಿದೆ. ನಮ್ಮ ತರಗತಿಗಳಲ್ಲಿ ಇಂಥ ಮಗು ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ. ಅದು ಉತ್ತರ ಹೇಳಲು ಎದ್ದು ನಿಂತಾಗ, ಗಡಿಯಾರವನ್ನು ನೋಡಬೇಡಿ. ಅದರ ಮಾತನ್ನು ನೀವು ಪೂರ್ತಿ ಮಾಡಬೇಡಿ. ನಗುವ ಮಕ್ಕಳನ್ನು ಕಣ್ಣಿನಿಂದಲೇ ತಡೆಯಿರಿ. ಒಬ್ಬಂಟಿಯಾಗಿ ಓದಲಾರದ ಮಗುವಿಗೆ ಜೊತೆಯಾಗಿ ಓದಲು ಒಬ್ಬ ಗೆಳೆಯನನ್ನು ಕೊಡಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಸಂಸ್ಥೆಗೆ ಕಟ್ಟಡವನ್ನು ಕೊಟ್ಟಿದ್ದಾರೆ, ಪುಸ್ತಕಗಳನ್ನು ಕೊಟ್ಟಿದ್ದಾರೆ. ವಾಕ್ ಚಿಕಿತ್ಸೆಯನ್ನು ಬಲ್ಲವರೊಬ್ಬರು ತಿಂಗಳಿಗೊಮ್ಮೆಯಾದರೂ ಇಲ್ಲಿಗೆ ಬಂದು ಮಕ್ಕಳನ್ನು ನೋಡುವ ಏರ್ಪಾಡು ಅವರ ಔದಾರ್ಯದಿಂದ ಆಗುವುದಾದರೆ, ಅದು ಅನ್ನದಾಸೋಹಕ್ಕೆ ಸಮನಾದ ನುಡಿದಾಸೋಹವಾದೀತು. ಶ್ರೀಗಳವರ ಕೃಪೆಯಿಂದ ಅದು ಬೇಗ ನೆರವೇರಲೆಂದು ಪ್ರಾರ್ಥಿಸುತ್ತೇನೆ.